ತಾಮ್ರದ ಉಗುರುಗಳು

"ಬಿಚ್ಚಿ ನೋಡಬೇಡ. ಹೊಳೆಗೆ ಬಿಟ್ಟ ಮೇಲೆ ತಿರುಗಿ ನೋಡಬೇಡ. ಅಷ್ಟೇ ಮಾರಾಯ್ತಿ, ಮತ್ತೆಂತದೂ ಇಲ್ಲ," ಎಂದಳು ಪುಟ್ಟಕ್ಕ.

ಅಡಿಕೆ ಹಾಳೆಯಲ್ಲಿ ಸುತ್ತಿ ಬಾಳೆನಾರಿನಿಂದ ಕಟ್ಟಿದ ಪುಟ್ಟ ಪೊಟ್ಟಣವೊಂದನ್ನು ಅವಳು ಒಲೆಯ ಇಕ್ಕಳದಲ್ಲಿ ಹಿಡಿದು ತಂದು ಸೌಂದರ್ಯಾಳ ಹೊಸ್ತಿಲಿನ ಹೊರಗೆ ಇಟ್ಟಿದ್ದಳು. ಕೈಯಲ್ಲಿ ಮುಟ್ಟಿರಲಿಲ್ಲ. ಸೌಂದರ್ಯಾ ಕಿಟಕಿಯ ಬೆಳಕಿಗೆ ಕೂತು ಎಡಗೈಯ ಉಗುರುಗಳಿಗೆ ಒಂದೊಂದಕ್ಕೆ ಒಂದೊಂದು ಲೋಹದ ಬಣ್ಣ ಹಚ್ಚಿ ನೋಡುತ್ತಿದ್ದಳು. ಬೆಳ್ಳಿ, ಸೀಸ, ಕಂಚು, ಮಾಸಿದ ಚಿನ್ನ. ಕಿರುಬೆರಳು ಇನ್ನೂ ಖಾಲಿ ಇತ್ತು.

"ಇದೆಂತ ಪುಟ್ಟಕ್ಕ, ಬಾಂಬಾ?"

"ನಗಾಡಬೇಡ."

"ನೀವೇ ಹೋಗಿ ಬಿಟ್ಟು ಬನ್ನಿ. ಶೃಂಗೇರಿ ಬಸ್ಸು ನಿಮ್ಮನ್ನ ಹತ್ತಿಸಿಕೊಳ್ಳಲ್ಲ ಅಂತದಾ?"

"ಯಾರ ಹೆಸರಲ್ಲಿ ಬರೆದದ್ದೋ ಅವರು ಮುಟ್ಟೋ ಹಾಗಿಲ್ಲ. ಅವರ ಪೈಕಿಯವರೂ ಮುಟ್ಟೋ ಹಾಗಿಲ್ಲ. ಮಾಟ ತೆಗೆಯೋ ಅಡ್ಡಗದ್ದೆ ರಂಗಪ್ಪನವರು ಹೇಳಿದಾರೆ. ನೀನು ಹೊರಗಿನವಳು. ನಾಳೆ ಹೇಗೂ ಶೃಂಗೇರಿಗೆ ಹೊಂಟಿದೀಯಲ್ಲ, ಹೊಳೆಗೆ ಬಿಟ್ಟುಬಿಡು. ಬಿಚ್ಚಲಿಲ್ಲ ಅಂದ್ರೆ ನಿಂಗೆ ಎಂತದೂ ಆಗಲ್ಲ."

"ಬಿಚ್ಚಿದ್ರೆ?"

ಪುಟ್ಟಕ್ಕ ಸೆರಗಿನೊಳಗೆ ಕೈ ಅಡಗಿಸಿಕೊಂಡು ಹೊರಟುಹೋದಳು. ಅವಳು ಯಾವಾಗಲೂ ಹಾಗೆಯೇ. ವರ್ಷಗಟ್ಟಲೆ ಅಡಿಕೆ ಸುಲಿದು ಚೊಗರು ಹತ್ತಿ ಕಪ್ಪಾದ ಉಗುರುಗಳನ್ನು ತೋರಿಸಲು ನಾಚಿಕೆ ಇರಬೇಕು ಎಂದು ಸೌಂದರ್ಯಾ ಅಂದುಕೊಂಡಿದ್ದಳು. ಕಾರಣ ಬೇರೆಯದೇ ಇತ್ತು ಎಂದು ಮೊನ್ನೆ ಸೋಮವಾರ ಗೊತ್ತಾಗಿತ್ತು.

ಕೊಪ್ಪದ ಅಂಚಿನ ಆ ಸಾಲು ಮನೆಗಳಿಗೆ ನಲ್ಲಿ ನೀರಿನ ಪೈಪು ಹಾಕುತ್ತಿದ್ದರು. ಪುಟ್ಟಕ್ಕನ ಹೊಸ್ತಿಲ ಬುಡದಲ್ಲಿ ಅಗೆಯುತ್ತಿದ್ದ ಜಟ್ಟಪ್ಪನ ಪಿಕಾಸಿಗೆ ಅದು ಸಿಕ್ಕಿತು. ಮಣ್ಣಿನ ಕುಡಿಕೆ, ಅದರೊಳಗೆ ಮಡಚಿದ ತಾಮ್ರದ ತಗಡು. ಜಟ್ಟಪ್ಪ ಪಿಕಾಸಿ ಬಿಟ್ಟು ದೂರ ನಿಂತ. ಆ ಮಧ್ಯಾಹ್ನ ಸಾಲಿನ ಹೆಂಗಸರೆಲ್ಲ ಪಿಸುಪಿಸು ಮಾತಾಡಿದರು. ಪುಟ್ಟಕ್ಕನ ಕೈ ಯಾವುದಕ್ಕೂ ಆಗುತ್ತಿರಲಿಲ್ಲವಂತೆ. ಅವಳು ಕಾವಿಗಿಟ್ಟ ಮೊಟ್ಟೆ ಮರಿಯಾಗಲಿಲ್ಲ. ಅವಳು ಕೈಚಾಚಿದರೆ ಕರು ಹಗ್ಗ ಜಗ್ಗುತ್ತಿತ್ತು. ಹೆತ್ತ ಮಗ ಪ್ರಕಾಶ ಅವಳ ಕೈಗೆ ಬಂದರೆ ನೀಲಿಗಟ್ಟುವಂತೆ ಅಳುತ್ತಿದ್ದನಂತೆ. ಅವನನ್ನು ಓರಗಿತ್ತಿ ಹಾಲು ಕೊಟ್ಟು ಸಾಕಿದಳು. ಅವನಿಗೆ ಈಗ ಮೂವತ್ತೆಂಟು. ಎರಡು ಓಣಿ ಆಚೆಗೆ ಹೆಂಡತಿ ಅನಿತಾ, ಒಂಬತ್ತು ತಿಂಗಳ ಹಸುಗೂಸು ಎಂದು ಸಂಸಾರ ಮಾಡಿಕೊಂಡಿದ್ದಾನೆ. ಹೆತ್ತವಳನ್ನು ಚಿಕ್ಕಮ್ಮ ಎಂದು ಕರೆಯುತ್ತಾನೆ.

ಸೌಂದರ್ಯಾಳಿಗೆ ಇದನ್ನೆಲ್ಲ ಕೇಳಿ ಸಿಟ್ಟೇ ಬಂದಿತ್ತು. ಒಂದು ಹೆಂಗಸನ್ನು ದೂರ ಇಡಲು ಊರಿಗೆ ಎಷ್ಟು ಸುಲಭದ ಕಾರಣ! ಕೈಗುಣ ಎಂಬುದನ್ನು ಅವಳು ನಂಬುತ್ತಿರಲಿಲ್ಲ. ಶಿವಮೊಗ್ಗದಲ್ಲಿ ಎಂಟು ತಿಂಗಳು ಉಗುರಿನ ಅಲಂಕಾರ ಕಲಿತವಳು ಅವಳು. ನಿನ್ನ ಕೈಗುಣ ಒಳ್ಳೆಯದು ಎಂದು ಯಾರಾದರೂ ಹೊಗಳಿದರೆ, ಗುಣ ಅಲ್ಲ, ಅಭ್ಯಾಸ ಎನ್ನುತ್ತಿದ್ದಳು. ಆ ಅಭ್ಯಾಸಕ್ಕಾಗಿ ಅವಳು ಬಿಟ್ಟುಬಂದದ್ದು ಸಣ್ಣದಾಗಿರಲಿಲ್ಲ. ಮಗಳು ಅಂಬಿಕಾಗೆ ಆಗ ಒಂದೂಕಾಲು ವರ್ಷ. ಗಂಡ ನವೀನ ಲಾರಿ ಹತ್ತಿದರೆ ವಾರಗಟ್ಟಲೆ ಇಲ್ಲ. ಕೂಸನ್ನು ಕಡಹಿನಬೈಲಿನಲ್ಲಿ ಅತ್ತೆ ವಸಂತಮ್ಮನ ಮಡಿಲಿಗೆ ಹಾಕಿ ಹೋಗಿದ್ದಳು. ಈಗ ಕೊಪ್ಪದ ಪೇಟೆಯಲ್ಲಿ ಅಂಗಡಿಯಾಗಿದೆ, ಇರಲು ಮನೆಯಾಗಿದೆ. ಭಾನುವಾರ ಮಗಳನ್ನು ಕರೆತರಬೇಕು. ಅತ್ತೆ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು. "ಕೂಸು ನಿನ್ನ ಕೈಗೆ ಬಂದ್ರೆ ಕರ್ಕೊಂಡು ಹೋಗು. ಅಳಿಸಿ ಒಯ್ಯಾಕೆ ನಾ ಬಿಡಲ್ಲ."

ಬಾರದೆ ಏನು? ದಿನಾ ಸಂಜೆ ವಿಡಿಯೋದಲ್ಲಿ ಫೋನಿಗೇ ಮುತ್ತು ಕೊಡುವ ಮಗಳು.

ಸೌಂದರ್ಯಾ ಖಾಲಿ ಇದ್ದ ಕಿರುಬೆರಳನ್ನು ನೋಡಿದಳು. ನಾಳೆ ಶೃಂಗೇರಿಯಲ್ಲಿ ಚೇತನಾ ಎಂಬ ಮದುಮಗಳಿಗೆ ಉಗುರು ಮಾಡಬೇಕು. ಯಾರ ಕೈಯಲ್ಲೂ ಇರಬಾರದು ಅಂಥದ್ದು ಬೇಕು ಅಕ್ಕಾ ಎಂದು ಆ ಹುಡುಗಿ ನಾಲ್ಕು ಸಲ ಮೆಸೇಜು ಹಾಕಿದ್ದಳು. ಡಬ್ಬಿಯಲ್ಲಿದ್ದ ಸರಪಳಿ, ಮುತ್ತು, ಉಗುರಿನುಂಗುರಗಳೆಲ್ಲ ಎಲ್ಲ ಅಂಗಡಿಗಳಲ್ಲೂ ಸಿಗುವಂಥವು. ಹೊಸ್ತಿಲಾಚೆ ಪೊಟ್ಟಣ ಬಿದ್ದಿತ್ತು. ಅದರೊಳಗೆ ಹಳೆಯ ತಾಮ್ರವಿತ್ತು.

ಅವಳು ಬಾಳೆನಾರನ್ನು ಕತ್ತರಿಸಿದಳು.

ತಗಡು ಅಂಗೈಯಗಲ ಇತ್ತು, ಈರುಳ್ಳಿ ಸಿಪ್ಪೆಯಷ್ಟು ತೆಳು. ಅಷ್ಟು ವರ್ಷ ಮಣ್ಣಲ್ಲಿದ್ದರೂ ಕಿಲುಬು ಹಿಡಿದಿರಲಿಲ್ಲ. ಈಗಷ್ಟೇ ಹುಣಸೆಹುಳಿ ಹಾಕಿ ತಿಕ್ಕಿದಂತೆ ಕೆಂಪಗೆ ಮಿರುಗುತ್ತಿತ್ತು. ಮೇಲೆ ಮೊಳೆಯಲ್ಲಿ ಗೀಚಿದ ಒಂದು ತೆರೆದ ಹಸ್ತ. ಮಡಿಕೆ ಬಿಡಿಸುವಾಗ ಅದರೊಳಗಿಂದ ಎರಡು ಕಪ್ಪು ಚೂರುಗಳು ಅವಳ ಮಡಿಲಿಗೆ ಉದುರಿದವು. ಬಿದಿಗೆ ಚಂದ್ರನ ಹಾಗೆ ಬಾಗಿದ ಚೂರುಗಳು. ಕತ್ತರಿಸಿದ ಉಗುರುಗಳು. ಚೊಗರು ಹತ್ತಿದ, ಎಳೆಯ ಹೆಂಗಸೊಬ್ಬಳ ಉಗುರುಗಳು. ಅವಳು ಗಕ್ಕನೆ ಕೈ ಹಿಂದೆಳೆದುಕೊಂಡಳು. ಆಮೇಲೆ ನಕ್ಕಳು. ದಿನಾ ಗುಡಿಸಿ ಎಸೆಯುವ ಕಸ ಇದು! ಉಫ್ ಎಂದು ಊದಿ ಕೊಡವಿದಳು.

ಹೊಸದೇನಿದ್ದರೂ ಮೊದಲು ತನ್ನ ಉಗುರಿಗೆ ಹಾಕಿ ನೋಡುವುದು ಅವಳ ಪದ್ಧತಿ. ತಗಡನ್ನು ಹತ್ತು ಚೂಪು ಎಲೆಗಳಾಗಿ ಕತ್ತರಿಸಿದಳು. ಕತ್ತರಿ ಆಡುವಾಗ ಕೂದಲು ಸುಟ್ಟ ವಾಸನೆ ಬಂತು, ಅದರ ಹಿಂದೆ ಹಸಿ ಮಣ್ಣಿನದು. ಬಣ್ಣವೆಲ್ಲ ಒರೆಸಿ, ಅಂಟು ಹಾಕಿ, ಒಂದೊಂದೇ ಎಲೆಯನ್ನು ಕೂರಿಸಿದಳು. ಹತ್ತೂ ಬೆರಳ ತುದಿಯಲ್ಲಿ ಬೆಂಕಿ ಹಚ್ಚಿದ ಹಾಗಿತ್ತು. ಅಷ್ಟು ಚೆಂದದ ಕೆಲಸ ಅವಳು ಹಿಂದೆಂದೂ ಮಾಡಿರಲಿಲ್ಲ.

ಸಂಜೆ ಪುಟ್ಟಕ್ಕ ಆಚೆಯಿಂದಲೇ ಕೂಗಿ ಕೇಳಿದಳು. "ಕಟ್ಟು ಇಟ್ಟುಕೊಂಡ್ಯಾ ಮಾರಾಯ್ತಿ?"

"ಹೂಂ, ಬ್ಯಾಗಿಗೆ ಹಾಕಿಯಾಯ್ತು."

ಮರುದಿನ ಶೃಂಗೇರಿಯಲ್ಲಿ ಚೇತನಾ ಆ ಉಗುರುಗಳನ್ನು ನೋಡಿ ಬಾಯಿ ತೆರೆದಳು. "ಅಯ್ಯೋ, ಅಕ್ಕಾ! ಇದೇ ಬೇಕು ನಂಗೆ." ನಗುನಗುತ್ತಲೇ ಕೈ ಮುಂದಿಟ್ಟಳು. ಸೌಂದರ್ಯಾ ಆ ಕೈ ಹಿಡಿದದ್ದೇ ತಡ, ಹುಡುಗಿಯ ನಗು ನಿಂತಿತು. ಬಿಸಿ ತಾಗಿದವಳಂತೆ ಕೈ ಕಿತ್ತುಕೊಂಡಳು.

"ಎಂತಾಯ್ತು?"

"ಎಂತದೂ ಇಲ್ಲ. ಬೇಡ ಅನ್ನಿಸ್ತು." ಹುಡುಗಿ ಗೋಡೆಯ ಕಡೆ ಸರಿದು, ಅಕ್ಕಾ ಎನ್ನುವುದು ಬಿಟ್ಟು ಬಹುವಚನಕ್ಕೆ ತಿರುಗಿದಳು. "ನೀವು ಹೋಗಿ. ದಯವಿಟ್ಟು ನೀವು ಹೋಗಿ."

ಸೌಂದರ್ಯಾ ವಾಪಸು ಬಂದು, ಉಗುರುಬಣ್ಣ ತೆಗೆಯುವ ಅಸಿಟೋನಿನಲ್ಲಿ ಬೆರಳು ಅದ್ದಿ ಕೂತಳು. ಅಂಟು ಕರಗಿ ಹೋಯಿತು. ತಾಮ್ರ ಹೋಗಲಿಲ್ಲ. ಚಿಮಟದಲ್ಲಿ ಎತ್ತಲು ನೋಡಿದರೆ ಅಂಚೇ ಸಿಗಲಿಲ್ಲ. ಅದು ಚರ್ಮದ ಕೆಳಗೆ ಇಳಿದಿತ್ತು. ಅಂಟಿನ ಅಲರ್ಜಿ ಎಂದುಕೊಂಡಳು. ಶನಿವಾರ ಮತ್ತೆ ನೋಡಿದಳು. ಉಗುರು ಬೆಳೆದಿತ್ತು. ಬುಡದಿಂದ ಬೆಳೆದ ಹೊಸ ಉಗುರೂ ತಾಮ್ರದ್ದೇ.

ಭಾನುವಾರ ಬೆಳಿಗ್ಗೆ ಕಡಹಿನಬೈಲಿನ ರಸ್ತೆಯಲ್ಲಿ ಬಸ್ಸಿಳಿಯುವಾಗ ಅವಳ ಬ್ಯಾಗಿನಲ್ಲಿ ಹಳದಿ ಫ್ರಾಕು, ಬಿಸ್ಕತ್ತು, ಹೊಸ ಚಪ್ಪಲಿ ಇದ್ದವು. ವಸಂತಮ್ಮ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ಅವಳ ಸೀರೆ ಹಿಡಿದು ನಿಂತಿದ್ದ ಅಂಬಿಕಾ ತಲೆ ಎತ್ತಿತು. ನೋಡಿತು. ಗುರುತು ಹಿಡಿಯಿತು.

"ಅಮ್ಮಾ!"

ತಿಂಗಳುಗಟ್ಟಲೆ ಕಾದ ಕೂಗು ಅದು. ಭತ್ತ ತುಳಿಯುತ್ತ, ಎಡವುತ್ತ, ಓಡಿ ಬಂದ ಮಗಳನ್ನು ಸೌಂದರ್ಯಾ ಎರಡೂ ಕೈಯಲ್ಲಿ ಬಾಚಿ ಎತ್ತಿದಳು.

ಮಗು ಮರದ ತುಂಡಿನಂತಾಯಿತು. ಕಣ್ಣು ತೆರೆದೇ ಇತ್ತು. ಆದರೆ ಆ ಕಣ್ಣಿನಿಂದ ಗುರುತು ಹೊರಟುಹೋಗುವುದನ್ನು ಅವಳು ಕಂಡಳು. ದೀಪ ಹಿಡಿದವರು ಕೋಣೆಯಿಂದ ಆಚೆ ನಡೆದ ಹಾಗೆ. ಕೂಸು ಅಜ್ಜಿಯ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿತು. "ಅಜ್ಜೀ, ಅದ್ಯಾರು?"

ಕೆಳಗಿಳಿಸಿದಳು. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದಳು. ಸ್ವಲ್ಪ ಹೊತ್ತಿಗೆ ಮಗುವಿನ ಮುಖ ಮತ್ತೆ ಅರಳಿತು. "ಅಮ್ಮ," ಎಂದಿತು. ಹತ್ತಿರ ಬಂತು. ಸೌಂದರ್ಯಾ ಜಗುಲಿಯ ಮೇಲೆ ಕೂತಳು. ಮಗು ತಾನಾಗಿ ಮಡಿಲು ಹತ್ತಿತು. ಕೆನ್ನೆ ಮುಟ್ಟಿತು, ಓಲೆ ಎಳೆಯಿತು, ಕಾಗೆಯ ಕತೆ ಹೇಳಿತು. ತಾಯಿ ಬೆನ್ನ ಹಿಂದೆ ಕೈಗೆ ಕೈ ಬಿಗಿದು ಕೂತೇ ಇದ್ದಳು. ಬಿಸ್ಕತ್ತು ಕೊಡಲಿಲ್ಲ. ಜಾರಿದ ಚಡ್ಡಿ ಮೇಲೆತ್ತಲಿಲ್ಲ. ಮಗುವಿನ ನೆತ್ತಿಯ ವಾಸನೆ ಮೂಗಿಗೆ ಬರುತ್ತಿತ್ತು, ಹರಳೆಣ್ಣೆ ಮತ್ತು ಬಿಸಿಲು. ಕಣ್ಣಲ್ಲಿ ನೀರು ಇಳಿದರೂ ಒರೆಸಿಕೊಳ್ಳಲಿಲ್ಲ.

"ಎಂತ ಆಗ್ಯದೆ ನಿಂಗೆ? ಕೈ ಕಟ್ಟಿ ಹಾಕಿದಾರಾ?" ವಸಂತಮ್ಮ ಕೇಳಿದಳು. "ಕೂಸನ್ನ ಎತ್ಕೊ. ಬಸ್ಸು ಬರೋ ಹೊತ್ತಾಯ್ತು."

ಎತ್ತಲೇಬೇಕು. ಸೌಂದರ್ಯಾ ಸೆರಗನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡಳು. ಮೆಲ್ಲಗೆ ಮಗುವಿನ ಪಕ್ಕೆಗೆ ಕೈಯಿಟ್ಟಳು. ಬಟ್ಟೆಯೊಳಗೆ ಏನೋ ಚರಚರ ಎಂದಿತು. ತಾಮ್ರ ನೂಲು ಸೀಳಿ ಹೊರಗೆ ಬಂತು. ಮಗು ಬಾಯಿ ತೆರೆಯಿತು. ಅಳು ಬರಲಿಲ್ಲ. ಉಸಿರೂ ಬರಲಿಲ್ಲ. ತುಟಿ ನೀಲಿಯಾಯಿತು. ಕೈ ಬಿಡಬೇಕು. ಬಿಡಲು ಬೆರಳು ಬಾಗುತ್ತಿಲ್ಲ. ಬೆರಳು ಅವಳ ಮಾತು ಕೇಳುತ್ತಿಲ್ಲ. ಹಿಡಿದೇ ಇದೆ. ಇನ್ನೂ ಬಿಗಿಯಾಗಿ ಹಿಡಿದಿದೆ. ಕೂದಲು ಸುಟ್ಟ ವಾಸನೆ. ಹಸಿ ಮಣ್ಣು.

"ಬಿಡೇ! ಬಿಡೇ ಕೂಸನ್ನ!"

ವಸಂತಮ್ಮ ಕಿತ್ತುಕೊಂಡಳು. ಬೆನ್ನು ತಟ್ಟಿದಳು. ಒಂದು ಸಲ. ಎರಡು ಸಲ. ಮೂರನೆಯ ಸಲಕ್ಕೆ ಮಗು ಉಸಿರೆಳೆದು ಚೀರಿತು. ಪಕ್ಕೆಯಲ್ಲಿ ಹತ್ತು ಕೆಂಪು ಗೆರೆಗಳಿದ್ದವು.

ಅತ್ತೆಯ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಹೆದರಿಕೆ ಇತ್ತು. "ಹೋಗು ಸೌಂದರ್ಯಾ," ಎಂದಳು. "ಕೂಸಿಗೆ ನಿನ್ನ ಕೈ ಆಗಲ್ಲ. ಇನ್ನು ನೀನು ಬರಬೇಡ. ನಾ ಬೇಡ್ಕೊತೀನಿ, ಬರಬೇಡ."

ಬಸ್ಸು ತುಂಬಿತ್ತು. ನಿಂತಿದ್ದ ಹೆಂಗಸೊಬ್ಬಳು ವಾಡಿಕೆಯಂತೆ ತನ್ನ ಕೂಸನ್ನು ಕೂತವಳ ಮಡಿಲಿಗೆ ಇಡಲು ಬಂದಳು. ಸೌಂದರ್ಯಾಳ ಕೈ ನೋಡಿದ್ದೇ ತಡ, ಹಿಂದಕ್ಕೆ ಎಳೆದುಕೊಂಡಳು. ಯಾರಿಗೂ ಬೇಡದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ಅದನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ಅಡಗಿಸಿದ ಮೇಲೆ ಪುಟ್ಟಕ್ಕನ ನೆನಪಾಯಿತು. ಮೂವತ್ತೆಂಟು ವರ್ಷ ಹೀಗೆ!

ಕೊಪ್ಪ ತಲುಪಿದಾಗ ಇನ್ನೂ ಬಿಸಿಲಿತ್ತು. ಪುಟ್ಟಕ್ಕ ತನ್ನ ಬಾಗಿಲಲ್ಲಿ ಕಾಲು ನೀಡಿ ಕೂತಿದ್ದಳು. ಆ ಕಾಲ ಮೇಲೆ ಪ್ರಕಾಶನ ಕೂಸು ಬೋರಲು ಮಲಗಿ ನಿದ್ದೆ ಹೋಗಿತ್ತು. ಅವಳ ಕಪ್ಪು ಉಗುರಿನ ಕೈ ಅದರ ಬೆನ್ನ ಮೇಲಿತ್ತು. ಸೊಸೆ ಅನಿತಾ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಬಾ ಮಾರಾಯ್ತಿ. ನಾಲ್ಕು ದಿನದಿಂದ ನಿಂಗೆ ಹೇಳಬೇಕು ಅಂತಿದ್ದೆ," ಪುಟ್ಟಕ್ಕ ಪಿಸುಗುಟ್ಟಿದಳು. ಮುಖದಲ್ಲಿ ಹೆರಿಗೆಯಾದ ಹುಡುಗಿಯ ನಾಚಿಕೆ ಇತ್ತು. "ಗುರುವಾರ ಪ್ರಕಾಶ ಬಂದಿದ್ದ. ನನ್ನ ಕೈಯಿಂದ ರೊಟ್ಟಿ ಇಸ್ಕೊಂಡು ತಿಂದ. ಹೋಗೋವಾಗ ಅಮ್ಮ ಅಂದ. ಕೇಳಿದ್ಯಾ, ಅಮ್ಮ ಅಂದ. ನಿನ್ನ ಕೈ ತಣ್ಣಗಿರಲಿ."

ಸೌಂದರ್ಯಾ ಸೆರಗಿನಿಂದ ಕೈ ಹೊರತೆಗೆದು ತೋರಿಸಿದಳು.

ಪುಟ್ಟಕ್ಕ ಬಹಳ ಹೊತ್ತು ನೋಡಿದಳು. "ಹೊಳೆಗೆ ಬಿಡಲಿಲ್ಲ, ಅಲ್ಲನಾ?"

"ಇಲ್ಲ."

"ನಿನ್ನ ಕೂಸು?"

"ಬರಲಿಲ್ಲ. ಉಸಿರು ಕಟ್ಟಿತು ಪುಟ್ಟಕ್ಕ. ನನ್ನ ಕೈಯಲ್ಲೇ." ಅವಳು ಪುಟ್ಟಕ್ಕನ ಎದುರು ಕೂತಳು. "ರಂಗಪ್ಪನವರ ಹತ್ರ ಹೋಗೋಣ. ಬೆರಳು ಕತ್ತರಿಸು ಅಂದ್ರೂ ಕತ್ತರಿಸ್ತೀನಿ."

"ಅವರು ಅವತ್ತೇ ಹೇಳಿದ್ರು. ಮೈಗೆ ಹತ್ತಿದ ಮೇಲೆ ಹೊಳೆ ಅದನ್ನ ತಗಳಲ್ಲ. ಯಾರ ಹೆಸರಲ್ಲಿ ಬರೆದದ್ದೋ ಅವರು ಕರೆದ್ರೆ ಮಾತ್ರ, ಅವರ ಕೈಗೇ ವಾಪಸು ಬರ್ತದೆ." ಪುಟ್ಟಕ್ಕ ಮಲಗಿದ್ದ ಕೂಸನ್ನು ನೋಡುತ್ತಿದ್ದಳು. "ಯಾರು ಬರೆಸಿದ್ರೋ. ಓರಗಿತ್ತಿಯೋ, ಅತ್ತೆಯೋ. ಎಲ್ಲ ಸತ್ತು ಹೋಗಿದಾರೆ. ಕೇಳೋದು ಯಾರನ್ನ?"

ಅವಳು ಬಗ್ಗಿ ಕೂಸಿನ ಕುತ್ತಿಗೆಯ ಮಡಿಕೆಯಲ್ಲಿ ಮೂಗಿಟ್ಟಳು. ಹಾಗೇ ಇದ್ದಳು. ಆಮೇಲೆ ತಲೆ ಎತ್ತಿ ಹೇಳಿದಳು. "ಅನಿತಾ, ಕೂಸನ್ನ ಎತ್ಕೊ. ಮನೆಗೆ ಹೋಗು."

"ಯಾಕತ್ತೆ? ಮಲಗಿರಲಿ ಬಿಡಿ. ನಿಮ್ಮ ಕೈಯಲ್ಲೇ ಚೆನ್ನಾಗಿ ನಿದ್ದೆ ಮಾಡ್ತದೆ."

"ಎತ್ಕೊ ಅಂದೆನಲ್ಲ. ಪ್ರಕಾಶ ಸಂಜೆಗೆ ಬರ್ತೀನಿ ಅಂದಿದ್ದ. ಬರೋದು ಬೇಡ ಅಂತ ಹೇಳು."

ಅನಿತಾ ಏನೂ ಅರ್ಥವಾಗದೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಣಿಯಲ್ಲಿ ನಡೆದಳು. ತಿರುವಿನಲ್ಲಿ ಮರೆಯಾಗುವವರೆಗೂ ಪುಟ್ಟಕ್ಕ ನೋಡಿದಳು.

ನಂತರ ಸೌಂದರ್ಯಾಳ ಎಡಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಕಿರುಬೆರಳಿನ ತಾಮ್ರವನ್ನು ತನ್ನ ಕಪ್ಪು ಉಗುರಿನಿಂದ ಮೆಲ್ಲಗೆ ಕೆರೆದಳು. ಅಸಿಟೋನಿಗೆ ಬಗ್ಗದ್ದು ಮಾಗಿದ ಗಾಯದ ಹಕ್ಕಳೆಯಂತೆ ಎದ್ದುಬಂತು. ಎದ್ದದ್ದು ಕೆಳಗೆ ಬೀಳಲಿಲ್ಲ. ಪುಟ್ಟಕ್ಕನ ಬೆರಳಿಗೇ ಹತ್ತಿ, ಉಗುರಿನೊಳಗೆ ಇಳಿದು ಕಾಣದಾಯಿತು. ಅವಳು ಹಲ್ಲು ಕಚ್ಚಿದಳು. ಎರಡನೆಯದು. ಮೂರನೆಯದು. ಸೌಂದರ್ಯಾಳ ಬೆರಳಿಗೆ ಗಾಳಿ ತಾಗಿತು, ತಂಪು ತಾಗಿತು. ಬೇಡ ಎನ್ನಬೇಕು ಎಂದುಕೊಂಡಳು. ನಾಲ್ಕನೆಯದಕ್ಕೂ ಅಂದುಕೊಂಡಳು. ಅಂದುಕೊಳ್ಳುತ್ತಲೇ ಇದ್ದಳು.

ಐದಾಯಿತು. ಪುಟ್ಟಕ್ಕ ನಿಲ್ಲಿಸಿದಳು. ಅವಳ ಹಣೆಯ ಬೆವರು ಮೂಗಿನ ತುದಿಗೆ ಇಳಿದಿತ್ತು. ಓಣಿಯ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ಕೇಳಿದಳು.

"ಒಂದು ಕೈ ಸಾಕಾಗ್ತದಾ ನಿಂಗೆ? ಕೂಸನ್ನ ಒಂದು ಕೈಲಿ ಎತ್ಕೊಳ್ಳಾಕೆ ಬರ್ತದಾ? ಹಾಗಾದ್ರೆ ನಂಗೂ ಒಂದು ಉಳೀತದೆ."

ಅವಳು ಬೇಡುತ್ತಿದ್ದಳು. ಆ ದನಿಯನ್ನು ಗುರುತಿಸದಿರಲು ಸಾಧ್ಯವಿರಲಿಲ್ಲ. ತಾನೂ ಮಧ್ಯಾಹ್ನ ಅದೇ ದನಿಯಲ್ಲಿ ಅತ್ತೆಯ ಅಂಗಳದಲ್ಲಿ ಬೇಡಬೇಕೆಂದಿದ್ದಳು ಸೌಂದರ್ಯಾ.

ಅವಳು ಬಲಗೈಯನ್ನು ಮುಂದೆ ಚಾಚಿದಳು.

ಪುಟ್ಟಕ್ಕ ಬಯ್ಯಲಿಲ್ಲ. ಆ ಕೈಯನ್ನು ಮಡಿಲಿಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಶುರುಮಾಡಿದಳು.