ಒಂದು ಗೇಣು ಸರಿದ ಗೂಟ

ಮೊದಲ ದಿನವೇ ಇಬ್ಬರಿಗೂ ಜಗಳವಾಯಿತು. ರಾಯಚೂರಿನ ಅಕ್ಕಿ ಮಿಲ್ಲುಗಳ ಹಿಂದೆ ಗೂಡ್ಸ್ ರೈಲಿನ ಹಳೆಯ ದಾರಿಯೊಂದಿತ್ತು. ಹಳಿ ಕಿತ್ತು ಎಷ್ಟೋ ವರ್ಷಗಳಾಗಿದ್ದವು. ಮಿಲ್ಲಿನ ಉದಯಕುಮಾರ ಅದು ತನ್ನಪ್ಪನ ಆಸ್ತಿಯೇ ಎಂಬಂತೆ ಅಲ್ಲಿ ಭತ್ತ ಒಣಹಾಕುತ್ತಿದ್ದ.

"ಭತ್ತ ತೆಗೀರಿ. ಇಲ್ಲಿ ಸೈಕಲ್ ಹೊಡ್ಯಾಕ, ವಾಕಿಂಗ್ ಮಾಡಾಕ ದಾರಿ ಆಗ್ತದ," ಎಂದಳು ಅಳತೆಗೆ ಬಂದ ಸರ್ವೇಯರ್ ಪೂರ್ಣಶ್ರೀ.

"ರಾಯಚೂರ ಬಿಸಲಾಗ ಯಾರ್ರಿ ಸೈಕಲ್ ಹೊಡ್ಯಾವ್ರು?"

"ನಾನು." ಅವಳು ಹುಬ್ಬೇರಿಸಿದಳು. "ಮೊದಲ ಬಾಜೂಕ ಸರೀರಿ. ನನ್ನ ಗೆರಿ ಮ್ಯಾಲೆ ನಿಂತೀರಿ."

ಸರಿದ. ಅಂದಿನಿಂದ ಮಿಲ್ಲಿನಲ್ಲಿ ಅವನ ಕಾಲು ನಿಲ್ಲಲಿಲ್ಲ. ಅವಳು ಬೆವರು ಒರೆಸಿಕೊಂಡರೆ ಸಾಕು, ಮಜ್ಜಿಗೆ ತಂಬಿಗೆ ಹಿಡಿದು ಹಿಂದಿನ ಗೇಟಿಗೆ ಹಾಜರು. ಕುಡಿಯುತ್ತ ಅವಳು ಲೋಟದ ಅಂಚಿನಿಂದ ಇವನನ್ನು ನೋಡುವಳು. ಇವನು ಭತ್ತ ನೋಡುವನು. ಹಮಾಲರು ಮುಸಿಮುಸಿ ನಗುವರು.

ನಾಲ್ಕನೆಯ ಸಂಜೆ ಅವಳೆಂದಳು, "ನಾಳಿಗೆ ಅಳತಿ ಮುಗೀತದ. ಇನ್ನ ನನ್ನ ಕಾಟ ಇಲ್ರಿ ನಿಮಗ."

ಅವಳು ಹೋದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಅವಳು ನೆಟ್ಟ ಗೂಟವೊಂದನ್ನು ಕಿತ್ತು ಒಂದು ಗೇಣು ಆಚೆ ನೆಟ್ಟ. ಮರುದಿನ ಅಳತೆ ಕೂಡಲಿಲ್ಲ; ಅವಳು ಮತ್ತೆ ಬರಬೇಕಾಯಿತು. ಆ ಸಂಜೆ ಇನ್ನೊಂದು ಗೂಟ ಸರಿಸಿದ. ಪುಣ್ಯಾತ್ಮನಿಗೆ ರುಚಿ ಹತ್ತಿತ್ತು.

ಮರುದಿನ ಬಂದಾಗ ಅವಳ ಮುಖ ಬಾಡಿತ್ತು.

"ಸೋಮವಾರದಿಂದ ಬ್ಯಾರೇದವರನ್ನ ಕಳಸ್ತಾರಂತ. ನನಗ ಅಳ್ಯಾಕ ಬರೂದಿಲ್ಲ ಅಂದ್ರು ಸಾಹೇಬ್ರು. ಮೂರು ಸಲ ನೋಡೀನ್ರಿ, ಎಲ್ಲಿ ತಪ್ಪೀನಿ ಅಂತ ತಿಳೀವಲ್ತು."

ಅವನು ತಂಬಿಗೆ ಕೆಳಗಿಟ್ಟ.

"ನಿಮ್ಮ ತಪ್ಪಿಲ್ರಿ. ಗೂಟ ನಾನ ಸರಿಸೀನಿ."

"ಯಾಕ?"

"ಅಳತಿ ಮುಗದ್ರ ನೀವು ಬರೂದಿಲ್ಲಲ್ರಿ."

ಅವಳ ಮುಖ ಕೆಂಪಾಯಿತು. ಸಿಟ್ಟೋ ನಾಚಿಕೆಯೋ ಅವನಿಗೆ ತಿಳಿಯಲಿಲ್ಲ.

"ಬಾಯಿಬಿಟ್ಟು ಒಂದು ಮಾತು ಹೇಳಾಕ ಆಗಲಿಲ್ಲೇನ್ರಿ? ನನ್ನ ನೌಕರಿಗೆ ಕಲ್ಲು ಹಾಕಿದ್ರಲ್ಲ." ಫೋನ್ ಹಚ್ಚಿ ಅವನ ಕೈಗಿಟ್ಟಳು. "ಸಾಹೇಬ್ರಿಗೆ ಹೇಳ್ರಿ."

ಹೇಳಿದ.

"ಯಾಕ ಸರಿಸಿದಿ?" ಸಾಹೇಬರು ಗುಡುಗಿದರು.

ಉದಯಕುಮಾರ ಅವಳ ಕಡೆ ನೋಡಿದ. ಅವಳು ಮಾನ್ವಿಯ ಮಠದ ಆಚಾರ್ಯರ ಮಗಳು. ತಾನು ಮಿಲ್ಲಿನ ಲಿಂಗಾಯತರ ಹುಡುಗ. ನಿಜ ಹೇಳಿದರೆ ಸಂಜೆಯೊಳಗೆ ಅವಳ ಹೆಸರು ಆಫೀಸಿನವರ ಬಾಯಿಗೆ ಎಲೆ ಅಡಿಕೆಯಾಗುತ್ತದೆ.

"ಜಾಗಕ್ಕ ಆಸಿ ಬಿದ್ದೆ, ಸಾಹೇಬ್ರ. ಭತ್ತ ಒಣಹಾಕಾಕ. ಮೇಡಂ ಅವ್ರದು ಏನೂ ತಪ್ಪಿಲ್ಲ."

ಕಳ್ಳ, ಲಫಂಗ ಎಂದೆಲ್ಲ ಬೈಸಿಕೊಂಡ. ನೋಟಿಸು ಬರುತ್ತದೆಂದೂ ಕೇಳಿಸಿಕೊಂಡ. ಕಡೆಗೆ ಸಾಹೇಬರು, "ಹಂಗಾದ್ರ ಕೆಲಸ ಆಕೀನ ಮುಗಸಲಿ," ಎಂದು ಫೋನ್ ಇಟ್ಟರು.

ಪೂರ್ಣಶ್ರೀ ಫೋನ್ ವಾಪಸು ತೆಗೆದುಕೊಂಡಳು. ಕಣ್ಣಲ್ಲಿ ನೀರಿತ್ತು.

"ನನ್ನ ಸಲುವಾಗಿ ಕಳ್ಳ ಅನ್ನಿಸಿಕೊಂಡ್ರಲ್ರಿ."

"ಅನ್ಲಿ ಬಿಡ್ರಿ. ನೀವು ಅನ್ನದಿದ್ರ ಸಾಕು."

ಅವಳು ಟೇಪಿನ ತುದಿಯನ್ನು ಅವನ ಕೈಗೆ ಕೊಟ್ಟು, ಬಿಚ್ಚುತ್ತ ನಡೆದಳು. ಹತ್ತು ಹೆಜ್ಜೆ ಆಚೆ ಕೂತು, ಗೂಟ ಸರಿಪಡಿಸುತ್ತ, ತಲೆ ಎತ್ತದೆ ಹೇಳಿದಳು:

"ರವಿವಾರ ಮಾನ್ವಿಗೆ ಬರ್ರಿ, ನಮ್ಮ ಮನಿಗೆ. ನಮ್ಮಪ್ಪಾರೂ ಯಾಕ ಬಂದ್ರಿ ಅಂತ ಕೇಳ್ತಾರ. ಅಲ್ಲಿ ಮಾತ್ರ ಖರೇನ ಹೇಳ್ರಿ."