ಮಂಡಕ್ಕಿಯ ಐದನೇ ಹೊಲಿಗೆ

ಪುಕ್ಕಟೆ ಎಂಬ ಮಾತು ಬಿದ್ದ ಕೂಡಲೇ ಚೈತ್ರಾಳ ಕಿವಿ ಅವಳ ಮೊಲದ ಕಿವಿಗಿಂತ ಮೊದಲು ನೆಟ್ಟಗಾಯಿತು.

ಮೊಲದ ಕಿವಿಯಾದರೂ ನೆಟ್ಟಗಾಗುವ ಸ್ಥಿತಿಯಲ್ಲಿರಲಿಲ್ಲ. ಮಂಡಕ್ಕಿ ಎಂಬ ಆ ಬಿಳಿ ಗಂಡು ಮೊಲ ವಿದ್ಯಾನಗರದ ಪ್ರಾಣಿಗಳ ಕ್ಲಿನಿಕ್ಕಿನ ಮೇಜಿನ ಮೇಲೆ ಟವೆಲಿನೊಳಗೆ ಮುದುಡಿ ಮಲಗಿತ್ತು. ಸಂತಾನಹರಣದ ಆಪರೇಷನ್ ಆಗಿ ಒಂದು ತಾಸಾಗಿತ್ತಷ್ಟೆ. ಎರಡು ತಿಂಗಳಿಂದ ಅದು ಕಂಡಕಂಡಲ್ಲಿ ಉಚ್ಚೆ ಸಿಡಿಸುತ್ತಿತ್ತು. ಸರಸ್ವತಿ ನಗರದಲ್ಲಿ ಅವಳಿರುವ ಮನೆಯ ಮಾಲೀಕರಾದ ಖೈರುನ್ನೀಸಾ ಆಂಟಿ ತಾರಸಿಯಲ್ಲಿ ಒಣಹಾಕಿದ್ದ ಸಂಡಿಗೆಯ ಮೇಲೂ ಸಿಡಿಸಿದ ದಿನ, ಆಪರೇಷನ್ ಇಲ್ಲವೇ ಬೇರೆ ಮನೆ ಎಂದು ತೀರ್ಮಾನವಾಗಿತ್ತು.

"ಮೂರು ತಾಸಿಗೊಮ್ಮೆ ಸಿರಿಂಜಿನಲ್ಲಿ ತಿನ್ನಿಸಬೇಕು," ಡಾಕ್ಟರ್ ನುಜತ್ ಕೈ ತೊಳೆಯುತ್ತ ಹೇಳಿದ್ದರು. "ತಿನ್ನದಿದ್ರೆ ಮೊಲದ ಹೊಟ್ಟೆ ನಿಂತುಹೋಗತ್ತೆ. ಹಿಕ್ಕೆ ಹಾಕ್ತು ಅಂದ್ರೆ ಬದುಕ್ತು ಅಂತ ತಿಳ್ಕೊಳ್ಳಿ. ಜಿಗೀಬಾರದು, ಓಡಬಾರದು. ಹೆಣ್ಣು ಮೊಲದ ಹತ್ರ ಒಂದೂವರೆ ತಿಂಗಳು ಬಿಡಲೇಬಾರದು. ಆಪರೇಷನ್ ಆಯ್ತು ಅಂತ ನಂಬಬ್ಯಾಡಿ, ಇನ್ನೂ ಕೆಲವು ವಾರ ಮರಿ ಹುಟ್ಟಿಸೋ ತಾಕತ್ತು ಇರತ್ತೆ."

ಮೂರು ತಾಸಿಗೊಮ್ಮೆ. ಒಬ್ಬಳೇ ಇರುವ ಚೈತ್ರಾ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಮರಳುವುದು ಸಂಜೆ ಏಳಕ್ಕೆ. ಶಿಪ್‌ಮೆಂಟಿನ ವಾರ, ರಜೆಯ ಮಾತೇ ಇಲ್ಲ. ಅವಳು ತುಟಿ ಕಚ್ಚಿಕೊಂಡು ನಿಂತಿದ್ದನ್ನು ಕಂಡೇ ಕಾಂಪೌಂಡರ್ ಬಾಯಿ ಹಾಕಿದ್ದು.

"ಹರಿಹರಕ್ಕೆ ನಮ್ಮನೀಗೆ ಒಯ್ತೀನ್ರಿ ಮೇಡಂ. ಅವ್ವ ದಿನಾ ಮನ್ಯಾಗೇ ಇರ್ತಾಳೆ. ಹತ್ತು ದಿನ ನೋಡ್ಕಂತೀವಿ."

"ಏನು ಕೊಡಬೇಕು?"

"ಏನೂ ಬ್ಯಾಡ್ರಿ. ಪುಕ್ಕಟೆ."

"ಯಾಕ?"

"ಯಾಕ ಅಂದ್ರೆ? ನಮ್ಮಲ್ಲೂ ಒಂದು ಐತ್ರಿ. ಹೆಣ್ಣು. ಗೂಡು ಬ್ಯಾರೆ ಬ್ಯಾರೆ ಇಡ್ತೀನಿ, ಚಿಂತಿ ಬ್ಯಾಡ."

"ಹೆಸರು?"

"ಎರ್ರಿಸ್ವಾಮಿ."

"ನಿಮ್ಮದಲ್ಲ. ಮೊಲದ್ದು."

ಅವನ ಕಣ್ಣು ಒಮ್ಮೆ ಟವೆಲಿನ ಕಡೆ ಹೋಗಿ ಬಂತು. "ಮಿರ್ಚಿ," ಅಂದ.

ಮಂಡಕ್ಕಿಗೆ ಮಿರ್ಚಿ. ದಾವಣಗೆರೆಯ ಸಂಜೆಯಲ್ಲಿ ಯಾವ ಗಾಡಿಯ ಮುಂದೆ ನಿಂತರೂ ಒಂದೇ ಪೇಪರಿನಲ್ಲಿ ಸಿಗುವ ಜೋಡಿ. ಇಷ್ಟು ಸಲೀಸಾಗಿ ಹೊಂದಿಕೊಳ್ಳುವ ಯಾವುದನ್ನೂ ಚೈತ್ರಾ ನಂಬುವುದಿಲ್ಲ. ಆಧಾರ್ ಕೇಳಿದಳು. ಅವನು ಕೊಟ್ಟ. ಹಿಂದೆ ಮುಂದೆ ಎರಡೂ ಕಡೆ ಫೋಟೋ ತೆಗೆದುಕೊಂಡಳು.

"ನಂದೂ ಒಂದು ತಕ್ಕಳ್ರಿ, ಅದ್ರಾಗೆ ಕಳ್ಳನಂಗೆ ಬಂದೀನಿ," ಎಂದು ಅವನು ಕೂದಲು ಸವರಿಕೊಂಡು ನಿಂತ.

ಅವಳು ತೆಗೆಯಲಿಲ್ಲ. ಆದರೆ ಕಾರ್ಡಿನ ಮುಖಕ್ಕೂ ಎದುರಿನ ಮುಖಕ್ಕೂ ತಾಳೆ ನೋಡುವ ನೆಪದಲ್ಲಿ ಬೇಕಾದದ್ದಕ್ಕಿಂತ ಎರಡು ಕ್ಷಣ ಹೆಚ್ಚು ನೋಡಿದಳು. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು, ಬಲಗೆನ್ನೆಯಲ್ಲಿ ಇಲ್ಲ. ಒಂದೇ ಕಡೆ ಬೀಳುವ ಗುಳಿಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಅವನು ಪಂಜರ ತರಲು ಒಳಗೆ ಹೋದಾಗ ಅವಳು ಎರಡು ಕೆಲಸ ಮಾಡಿದಳು. ಹೊಟ್ಟೆಯ ಕೆಳಗೆ ಕೂದಲು ಬೋಳಿಸಿದ್ದ ಜಾಗದಲ್ಲಿ ಹೊಲಿಗೆ ಎಣಿಸಿದಳು: ನಾಲ್ಕು, ನೀಲಿ ದಾರ, ಮೂರನೆಯದು ಕೊಂಚ ಸೊಟ್ಟ. ಆಮೇಲೆ ಬ್ಯಾಗಿನಿಂದ ಬಟ್ಟೆಗೆ ಗುರುತು ಹಾಕುವ ಮಾರ್ಕರ್ ತೆಗೆದು, ಮೊಲದ ಎಡಗಿವಿಯ ಬುಡದಲ್ಲಿ, ಒಳಗೆ, ಸಾಸಿವೆಯಷ್ಟು ನೇರಳೆ ಚುಕ್ಕೆ ಇಟ್ಟಳು. ಯಾರಿಗೂ ಹೇಳಲಿಲ್ಲ.

ಚೈತ್ರಾ ಕರೂರು ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸಿನಲ್ಲಿ ಚೆಕ್ಕರ್. ಹೊಲಿದು ಬಂದ ಶರ್ಟುಗಳನ್ನು ಬೆಳಕಿಗೆ ಹಿಡಿದು, ತಪ್ಪು ಕಂಡಲ್ಲಿ ಉಗುರಿನಷ್ಟು ಕೆಂಪು ಬಾಣದ ಸ್ಟಿಕ್ಕರ್ ಹಚ್ಚುವುದು ಅವಳ ಕೆಲಸ. ಆ ಕಣ್ಣು ಸಂಜೆ ಫ್ಯಾಕ್ಟರಿಯಲ್ಲಿ ಬಿಟ್ಟು ಬರುವಂಥದ್ದಲ್ಲ. ಎರಡು ವರ್ಷದ ಹಿಂದೆ ನಿಶ್ಚಿತಾರ್ಥದ ದಿನ, ಹುಡುಗನ ಕೋಟಿನ ಒಳಮಡಿಕೆಯಲ್ಲಿ ಬಾಡಿಗೆ ಅಂಗಡಿಯ ಚೀಟಿ ಕಂಡಿದ್ದೂ ಅದೇ ಕಣ್ಣಿಗೆ. ಕೋಟು ಬಾಡಿಗೆಯದಾದರೆ ಅವಳಿಗೇನೂ ಬೇಸರವಿರಲಿಲ್ಲ. ಆದರೆ ಇವತ್ತಿಗೆಂದೇ ಹೊಲಿಸಿದೆ ಎಂದು ಅವನು ಹೇಳಿದ್ದ. ಒಂದು ಎಳೆ ಎಳೆದಳು. ಅವನು ಹೇಳಿದ್ದ ನೌಕರಿಯ ಸುಳ್ಳೂ ಬಿಚ್ಚಿಕೊಂಡು ಬಂತು. ಅವತ್ತಿನಿಂದ ಅವಳು ಮನುಷ್ಯರನ್ನೂ ಬೆಳಕಿಗೆ ಹಿಡಿದೇ ನೋಡುತ್ತಾಳೆ.

ಹಾಗಾಗಿ ಎರ್ರಿಸ್ವಾಮಿಗೂ ಒಂದು ಷರತ್ತು ಹಾಕಿದಳು. ಬೆಳಿಗ್ಗೆ ಒಂದು, ಸಂಜೆ ಒಂದು ಫೋಟೋ. ಗೂಡಿನಲ್ಲಿ ಅವತ್ತಿನ ಪೇಪರ್ ಹಾಸಿರಬೇಕು, ತಾರೀಖು ಕಾಣಬೇಕು, ಅದರ ಮೇಲೆ ಹಿಕ್ಕೆ ಇರಬೇಕು.

ಸೋಮವಾರ ಸಂಜೆ ಬರೀ ತಾರೀಖು ಬಂತು. "ಇನ್ನೂ ಇಲ್ಲ ಮೇಡಂ. ತಿನ್ನಿಸ್ತಾ ಇದೀವಿ." ಚೈತ್ರಾಗೆ ಅನ್ನ ಸೇರಲಿಲ್ಲ. ಮಂಗಳವಾರ ಬೆಳಿಗ್ಗೆ, ಫ್ಯಾಕ್ಟರಿಯ ಟೀ ಹೊತ್ತಿನಲ್ಲಿ, ತಾರೀಖಿನ ಪಕ್ಕದಲ್ಲಿ ಮೆಣಸಿನಕಾಳಿನಂಥ ಏಳು ಹಿಕ್ಕೆ.

"ಹಿಕ್ಕೆ ಫೋಟೋ ನೋಡಿ ಕೆಂಪಾಗೋ ಹುಡುಗೀನ ನಾನು ಇವತ್ತೇ ನೋಡಿದ್ದು," ಎಂದಳು ಪಕ್ಕದ ಟೇಬಲ್ಲಿನ ಫಿಜಾ.

"ಮೊಲ ಬದುಕ್ತಲ್ಲ ಅಂತ ಖುಷಿ."

"ಹೌದೌದು. ಮೊಲಕ್ಕೇ ತಾನೇ ನೀನು ಥ್ಯಾಂಕ್ಸ್ ಟೈಪ್ ಮಾಡ್ತಿರೋದು."

ಬುಧವಾರ ರಾತ್ರಿ ಅವನು ಮೆಸೇಜಿನಲ್ಲಿ ಕೇಳಿದ: "ನಿಮ್ದೇನು ಕೆಲ್ಸರಿ?"

"ತಪ್ಪು ಹುಡುಕೋದು."

"ಅದಕ್ಕೆ ಸಂಬಳ ಕೊಡ್ತಾರಾ? ನಮ್ಮವ್ವ ಪುಕ್ಕಟೆ ಮಾಡ್ತಾಳೆ."

ಅವಳು ಬೆಡ್‌ಶೀಟಿಗೆ ಬಾಯೊತ್ತಿ ನಕ್ಕಳು. ಆಮೇಲೆ ಯಾಕೋ ಗಂಭೀರವಾಗಿ ಉದ್ದಕ್ಕೆ ಬರೆದಳು. ತಪ್ಪು ಹೊಲಿದವರಿಗೆ ನಮ್ಮಲ್ಲಿ ಯಾರೂ ಬೈಯಲ್ಲ. ಬಾಣ ಹಚ್ಚಿ ಆಲ್ಟರ್‌ಗೆ ಕಳಿಸ್ತೀವಿ, ಬಿಚ್ಚಿ ಮತ್ತೆ ಹೊಲೀತಾರೆ. ಆದ್ರೆ ಕೆಲವರು ತಪ್ಪಿನ ಮೇಲೆ ಇಸ್ತ್ರಿ ಎಳೆದು, ಮಡಚಿ ಪ್ಯಾಕ್ ಮಾಡಿಬಿಡ್ತಾರೆ. ಅದು ಸಿಕ್ಕರೆ ರಿಜೆಕ್ಟ್.

ನೀಲಿ ಗೆರೆ ಎರಡು ಬಿದ್ದವು. ಅವನು ಓದಿದ್ದ.

ಗುರುವಾರದ ಫೋಟೋದಲ್ಲಿ ಏನೋ ಕಡಿಮೆ ಇತ್ತು. ಹಿಕ್ಕೆ ಇತ್ತು, ತಾರೀಖು ಇತ್ತು. ಹಿಂದಿನ ಎರಡು ದಿನ ಕೇಳದೆಯೇ ಹೊಲಿಗೆಯ ಫೋಟೋವನ್ನೂ ಕಳಿಸಿದ್ದವನು ಅವತ್ತು ಕಳಿಸಿರಲಿಲ್ಲ. ಮಾತೂ ಕಡಿಮೆ. ಶುಕ್ರವಾರ ಸಂಜೆ ಅವಳೇ ಕೇಳಿದಳು. ತುಂಬ ಹೊತ್ತು ಅವನ ಹೆಸರಿನ ಕೆಳಗೆ 'ಟೈಪಿಂಗ್' ಎಂದು ಬಂದು ಬಂದು ಮಾಯವಾಯಿತು. ಕಡೆಗೆ ಫೋಟೋ ಬಂತು.

ಚೈತ್ರಾ ಅದನ್ನು ಎರಡು ಬೆರಳಿನಲ್ಲಿ ದೊಡ್ಡದು ಮಾಡಿದಳು. ಐದು ಹೊಲಿಗೆ. ಕಪ್ಪು ದಾರ. ಒಂದೂ ಸೊಟ್ಟ ಇರಲಿಲ್ಲ.

ಬೇರೆ ಯಾರೇ ಆಗಿದ್ದರೂ ಗಾಯ ಒಣಗುತ್ತಿದೆ ಎಂದುಕೊಂಡು ಮಲಗುತ್ತಿದ್ದರು. ಚೈತ್ರಾಳಿಗೆ ಮಾತ್ರ ಅದು ಬೇರೆ ಮೊಲ. ಮಂಡಕ್ಕಿ ಸತ್ತಿದೆ, ಇಲ್ಲವೇ ಯಾರದೋ ತಟ್ಟೆ ಸೇರಿದೆ; ಕ್ಲಿನಿಕ್ಕಿಗೆ ಬಂದ ಇನ್ಯಾವುದೋ ಬಿಳಿ ಮೊಲ ಪೇಪರಿನ ಮೇಲೆ ಕುಳಿತಿದೆ. ಪುಕ್ಕಟೆ, ಮಿರ್ಚಿ, ಒಂದೇ ಗುಳಿ. ಎಲ್ಲಾ ಬಾಣಗಳೂ ಮೊದಲ ದಿನವೇ ಅವಳ ಕೈಯಲ್ಲಿದ್ದವು. ಹಚ್ಚಿರಲಿಲ್ಲ, ಅಷ್ಟೆ. ಅದಕ್ಕೇ ಅವಳಿಗೆ ಅವನಿಗಿಂತ ತನ್ನ ಮೇಲೇ ಹೆಚ್ಚು ಸಿಟ್ಟು ಬಂತು.

ಶನಿವಾರ ಅರ್ಧ ದಿನ ಪರ್ಮಿಷನ್ ಹಾಕಿ, ಯಾರಿಗೂ ಹೇಳದೆ ಹರಿಹರದ ಬಸ್ಸು ಹತ್ತಿದಳು. ಅವನು ಕ್ಲಿನಿಕ್ಕಿನಲ್ಲಿರುವ ಹೊತ್ತನ್ನೇ ಆರಿಸಿದ್ದಳು. ಆಧಾರ್‌ನ ವಿಳಾಸ ಹಿಡಿದು, ಹೊಳೆಯ ಕಡೆಗಿನ ಓಣಿಯಲ್ಲಿ ಶೀಟಿನ ಮನೆ ಹುಡುಕಿದಳು. ಜಗಲಿಯ ಮೇಲೆ ಒಬ್ಬಾಕೆ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದರು.

"ಯಾರವ್ವಾ?"

"ನಾನು... ಮೊಲದವಳು."

"ಓ, ಬಾಣದ ಹುಡುಗಿ. ಬಾರವ್ವ ಒಳಗೆ," ಎಂದು ಮೊರ ಹಿಡಿದೇ ಎದ್ದರು ರಂಗವ್ವ, ಎರ್ರಿಸ್ವಾಮಿಯ ತಾಯಿ.

ಬಾಣದ ಹುಡುಗಿ. ಹಾಗಾದರೆ ಈ ಮನೆಯಲ್ಲಿ ತನಗೊಂದು ಹೆಸರೂ ಇದೆ. ಆ ಯೋಚನೆಯನ್ನು ಅವಳು ಬಾಗಿಲಲ್ಲೇ ಬಿಟ್ಟು, ನೆಟ್ಟಗೆ ಗೂಡಿನ ಹತ್ತಿರ ಹೋಗಿ ಬಿಳಿ ಮೊಲದ ಎಡಗಿವಿ ಎತ್ತಿದಳು.

ಸಾಸಿವೆಯಷ್ಟು ನೇರಳೆ ಚುಕ್ಕೆ, ಇಟ್ಟಲ್ಲೇ ಇತ್ತು. ಮೊಲ ಅವಳ ಬೆರಳು ಮೂಸಿ ಗದ್ದ ಉಜ್ಜಿತು. ಚೈತ್ರಾ ಅಲ್ಲೇ ನೆಲದ ಮೇಲೆ ಕುಳಿತು ಅದರ ನೆತ್ತಿ ಸವರಿದಳು. ಆಮೇಲೆ ಮೊಲವನ್ನು ಮೆಲ್ಲಗೆ ಮಗ್ಗುಲಾಗಿಸಿ ನೋಡಿದಳು. ಐದು. ಕಪ್ಪು.

"ಇದನ್ನ ಮತ್ತೆ ಹೊಲಿದಿದ್ದು ಯಾರಮ್ಮಾ?"

ರಂಗವ್ವನ ಕೈಯ ಮೊರ ನಿಂತಿತು. "ನಮ್ಮೆರ್ರಿ ಹೇಳಿಲ್ಲೇನು ನಿಂಗೆ?" ಎಂದರು. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡರು. "ತಪ್ಪು ಮಾಡ್ದಾಕಿ ನಾನೇ ಕಣವ್ವ. ಗುರುವಾರ ಅವನು ಜಳಕಕ್ಕೆ ಹೋಗಿದ್ದ. ನಿನ್ನ ಮೊಲ ಒಂದೇ ಸಮ ಜಾಲರಿ ನೋಡ್ಕಂಡು ಕುಂತಿತ್ತು. ಕೆಂಪಿನೂ ಇತ್ತಲಾಗೇ ನೋಡ್ತಿತ್ತು. ಹೆಂಗೂ ಆಪರೇಷನ್ ಆಗೈತೆ, ಒಂದೀಟು ಜೊತೆಗಿರ್ಲಿ ಅಂತ ಅಗಳಿ ತೆಗೆದೆ. ಎರಡು ನಿಮಿಷ ಇಲ್ಲ, ಹೊಲಿಗೆ ಕಿತ್ತು ರಕ್ತ. ಅವನು ಒದ್ದಿ ಮೈಯಾಗೇ ಎತ್ಕಂಡು ಬಸ್ಸಿಗೆ ಓಡಿದ. ಡಾಕ್ಟರಮ್ಮ ಮತ್ತೆ ಹೊಲಿದ್ರು. ಅವತ್ತಿಂದ ಮಧ್ಯಾಹ್ನ ಕ್ಲಿನಿಕ್ಕು ಮುಚ್ಚಿದ ಕೂಡ್ಲೆ ಇಲ್ಲಿಗೆ ಬರ್ತಾನೆ, ತಾನೇ ತಿನ್ನಿಸಿ ಹೋಗ್ತಾನೆ. ನನ್ನ ಮ್ಯಾಲೆ ನಂಬಿಕಿ ಹೋಗೈತೆ ಅವನಿಗೆ."

"ಕೆಂಪಿ ಅಂದ್ರೆ?"

"ಅಕಾ, ಆ ಮೂಲಿಯಾಗೆ ಕುಂತೈತಲ್ಲ. ಹೆಣ್ಣು."

"ಅದ್ರ ಹೆಸರು ಮಿರ್ಚಿ ಅಲ್ವಾ?"

"ಯಾವ ಮಿರ್ಚಿ?"

ಒಂದು ಮುಚ್ಚಿಟ್ಟದ್ದು, ಒಂದು ಸುಳ್ಳು. ಚೈತ್ರಾ ಮನಸ್ಸಿನಲ್ಲೇ ಎರಡು ಬಾಣ ಹಚ್ಚಿದಳು. ಅಷ್ಟರಲ್ಲಿ ಹೊರಗೆ ಚಪ್ಪಲಿ ಕಳಚಿದ ಸದ್ದಾಯಿತು.

"ನೀವು ಹೇಳಿದ್ದು ಅವ್ರಿಗೆ ಹೇಳಬ್ಯಾಡಿ," ಎಂದು ಪಿಸುಗುಟ್ಟಿದಳು.

"ಪರೀಕ್ಷೆ ಏನವ್ವ?"

"ಹೂಂ."

"ಮಾಡು, ಮಾಡು," ಎಂದು ರಂಗವ್ವ ಮೊರ ಎತ್ತಿಕೊಂಡು ಸರಿದು ಕೂತರು.

ಚೈತ್ರಾ ಒಳಗೊಳಗೇ ನಿರ್ಧರಿಸಿಬಿಟ್ಟಿದ್ದಳು. ಅವನು ಮುಚ್ಚಿಟ್ಟರೆ, ಈ ಪಂಜರ ಎತ್ತಿಕೊಂಡು ಮುಂದಿನ ಬಸ್ಸು. ನಂಬರ್ ಬ್ಲಾಕ್. ಬೆಳಗಿನ ಟೀ ಹೊತ್ತು ಮೊದಲಿನಂತೆ ಬರೀ ಟೀ ಹೊತ್ತಾಗುತ್ತದೆ, ಆಗಲಿ.

ಎರ್ರಿಸ್ವಾಮಿ ಕೊತ್ತಂಬರಿ ಕಟ್ಟು ಹಿಡಿದು ಒಳಗೆ ಬಂದವನು ಅವಳನ್ನು ಕಂಡು ನಿಂತುಬಿಟ್ಟ. "ಮೇಡಂ," ಎಂದ. ಗುಳಿ ಬೀಳಲು ಹೊರಟು ಅರ್ಧಕ್ಕೆ ನಿಂತಿತು.

"ಮಂಡಕ್ಕಿ ಹೆಂಗಿದಾನೆ?"

"ಆರಾಮ ಅದಾನ್ರಿ."

ಚೈತ್ರಾ ಪಂಜರದ ಹಿಡಿಗೆ ಕೈ ಹಾಕಿದಳು. ಹಿಡಿ ತಣ್ಣಗಿತ್ತು. ಅವನು ಕುಕ್ಕರಗಾಲಲ್ಲಿ ಕೂತು ಕೊತ್ತಂಬರಿಯ ದಾರ ಬಿಚ್ಚಿದ, ಒಂದು ಎಸಳು ಒಳಗೆ ತೂರಿಸಿದ. ಮೊಲ ಕರಕರ ತಿನ್ನುವುದನ್ನೇ ನೋಡುತ್ತಿದ್ದ. ಅವಳ ಕಡೆ ತಿರುಗಲಿಲ್ಲ.

"ಇಲ್ಲ ಮೇಡಂ. ಈಗ ಆರಾಮ ಐತೆ, ಗುರುವಾರ ಇರಲಿಲ್ಲ. ಹೊಲಿಗೆ ಕಿತ್ತೋಗಿತ್ತು. ಮತ್ತೆ ಹಾಕಿಸ್ದೆ. ನಾನೇ ಅಗಳಿ ಸರಿ ಹಾಕಿರಲಿಲ್ಲ."

ರಂಗವ್ವನ ಬಾಯಿ ತೆರೆಯಿತು. ಚೈತ್ರಾಳ ನೋಟ ಅದನ್ನು ಮುಚ್ಚಿಸಿತು.

"ಅವತ್ತೇ ಯಾಕ ಹೇಳಲಿಲ್ಲ?"

"ಬುಧವಾರ ನೀವು ಆ ಇಸ್ತ್ರಿ ಮಾತು ಬರೆದ್ರಿ. ಗುರುವಾರ ಹಿಂಗಾತು. ಹೇಳಿದ್ರೆ ಬಂದು ಒಯ್ತೀರಿ. ಒಯ್ದ್ರೆ..." ಅವನು ಎಸಳು ಎಸಳಾಗಿ ಸೊಪ್ಪು ಬಿಡಿಸುತ್ತಿದ್ದ. "ಬೆಳಿಗ್ಗೆ ಎದ್ದು ಯಾರಿಗೆ ಹಿಕ್ಕೆ ಫೋಟೋ ಕಳಿಸ್ಲಿ?"

ಚೈತ್ರಾಳ ಕೈ ಹಿಡಿಯಿಂದ ಜಾರಿತು. ಆದರೂ ಚೆಕ್ಕರ್ ಬಿಡಲಿಲ್ಲ.

"ಅಗಳಿ ತೆಗೆದಿದ್ದು ಯಾರು?"

"ನಾನೇ ಅಂದ್ನಲ್ರಿ."

"ಎರ್ರಿಸ್ವಾಮಿ."

ಅವಳು ಅವನ ಹೆಸರು ಕರೆದದ್ದು ಅದೇ ಮೊದಲು. ರಂಗವ್ವನಿಗೆ ತಡೆಯಲಾಗಲಿಲ್ಲ. "ಲೇ, ತೆಗೆದಾಕಿ ನಾನು ಅಂತ ಆಗ್ಲೇ ಹೇಳೀನಿ. ಎಷ್ಟು ಅಂತ ಸುಳ್ಳು ಹೇಳ್ತಿ?"

"ತಪ್ಪು ಒಪ್ಪಿಕೊಳ್ಳೋವಾಗ್ಲೂ ಒಂದು ಸುಳ್ಳು ಸೇರಿಸಿದ್ರಿ," ಎಂದಳು ಚೈತ್ರಾ.

"ಅವ್ವ ಎರಡು ದಿನ ಊಟ ಬಿಟ್ಟಿದ್ಲು ರೀ. ನೀವೂ ಒಂದು ಮಾತು ಅಂದ್ರೆ ತಡ್ಕಂತಿರಲಿಲ್ಲ."

ಈ ಸುಳ್ಳನ್ನು ಅವಳು ಬೆಳಕಿಗೆ ಹಿಡಿದು ನೋಡಿದಳು. ತಿರುಗಿಸಿ ನೋಡಿದಳು. ಇದರಲ್ಲಿ ಅವನು ತನ್ನ ಲಾಭಕ್ಕೆಂದು ಉಳಿಸಿಕೊಂಡದ್ದು ಏನೂ ಇರಲಿಲ್ಲ. ಬ್ಯಾಗಿನಿಂದ ಸ್ಟಿಕ್ಕರಿನ ಪಟ್ಟಿ ತೆಗೆದು, ಒಂದು ಕೆಂಪು ಬಾಣ ಕಿತ್ತು, ಅವನ ಶರ್ಟಿನ ಎಡಜೇಬಿನ ಮೇಲೆ ಹಚ್ಚಿ ಬೆರಳಿನಿಂದ ಒತ್ತಿದಳು. ಬಟ್ಟೆಯ ಕೆಳಗೆ ಎದೆ ಒಂದೇ ಸಮ ಬಡಿದುಕೊಳ್ಳುತ್ತಿತ್ತು.

"ರಿಜೆಕ್ಟಾ?" ಎಂದು ಅವನು ಕೇಳಿದ.

"ಪ್ಯಾಕ್ ಆಗೋ ಮುಂಚೆ ನೀವಾಗೇ ತೋರಿಸಿದ್ರಿ. ಆಲ್ಟರ್."

"ಎಷ್ಟು ದಿನ ಬೇಕು?"

ಚೈತ್ರಾ ಮೂಲೆಯಲ್ಲಿದ್ದ ಕೆಂಪಿಯ ಕಡೆ ನೋಡಿದಳು. "ಮೊಲ ಎಷ್ಟು ದಿನಕ್ಕೆ ಮರಿ ಹಾಕತ್ತೆ?"

"ಮೂವತ್ತೊಂದು."

"ಗುರುವಾರದಿಂದ ಎಣಿಸ್ರಿ. ಅಲ್ಲಿವರೆಗೂ ನಾನು ವಾರವಾರ ಬಂದು ಚೆಕ್ ಮಾಡ್ತೀನಿ. ಎಲ್ಲಾರನ್ನೂ."

"ಎರಡು ನಿಮಿಷಕ್ಕೇ ಮರಿ ಆಗ್ತಾವೇನೋ?" ಎಂದರು ರಂಗವ್ವ.

"ಮೊಲಕ್ಕೆ ಅಷ್ಟು ಸಾಕವ್ವ," ಎಂದು ಅವನು ನೆಲಕ್ಕೆ ಹೇಳಿದ.

ದಾವಣಗೆರೆಗೆ ಮರಳುವ ಮಧ್ಯಾಹ್ನದ ಸರ್ಕಾರಿ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಅವನ ಜೇಬಿನ ಮೇಲೆ ಬಾಣ ಹಾಗೇ ಇತ್ತು.

"ಮಿರ್ಚಿ ಅಂತ ಯಾಕ ಹೇಳಿದ್ರಿ?"

"ನೀವು ಮಂಡಕ್ಕಿ ಅಂದ್ರಿ. ನಾನು ಕೆಂಪಿ ಅಂದಿದ್ರೆ ಮಾತು ಅಲ್ಲಿಗೇ ಮುಗೀತಿತ್ತು."

ಕಂಡಕ್ಟರ್ ಬಂದು ಅವನಿಗೆ ಟಿಕೆಟ್ ಹರಿದ. "ಶರ್ಟಿಗೆ ಏನೋ ಅಂಟೈತೆ ನೋಡ್ರಿ," ಎಂದ.

"ಇರ್ಲಿ ಬಿಡ್ರಿ. ಇನ್ನೂ ದಿನ ಐತೆ ಅದಕ್ಕೆ."

ಚೈತ್ರಾ ತನ್ನ ಆಧಾರ್ ತೋರಿಸಿದಳು. ಹೆಂಗಸರಿಗೆ ಪುಕ್ಕಟೆ. ಕಂಡಕ್ಟರ್ ಮುಂದೆ ಹೋದ ಮೇಲೆ ಎರ್ರಿಸ್ವಾಮಿ ಕೈ ಚಾಚಿದ. "ನಾನೂ ಒಮ್ಮೆ ನೋಡ್ಬೋದಾ?"

ಕೊಟ್ಟಳು. ಅವನು ಹಿಂದೆ ಮುಂದೆ ತಿರುಗಿಸಿ, ಕಾರ್ಡಿನ ಮುಖವನ್ನೊಮ್ಮೆ, ಅವಳ ಮುಖವನ್ನೊಮ್ಮೆ, ಮತ್ತೆ ಕಾರ್ಡನ್ನು ನೋಡಿದ.

"ತಾಳೆ ಆಯ್ತಾ?"

"ಡೌಟ್ ಐತೆ," ಅಂದ. "ಇನ್ನೊಂದ್ಸಲ ನೋಡ್ಬೇಕು."

ಚೈತ್ರಾ ಅವನ ಕಡೆಗೆ ಮುಖ ತಿರುಗಿಸಿ, ಅದನ್ನು ಕಿಟಕಿಯ ಬೆಳಕಿಗೆ ಸರಿಯಾಗಿ ಹಿಡಿದು ಕೂತಳು.