ಸೂಜಿಯ ಮೇಲೆ ನಿಲ್ಲದ ಲೇಪ

"ನನ್ ಮಗನ ಒಟ್ಟೆ ಮೇಲೆ ಒಡ್ದೋರು ಯಾರೂಂತ ನೀವೇ ಇಡೀಬೇಕಕ್ಕ!" ಎನ್ನುತ್ತಾ ಕದಿರಮ್ಮ ರಾಬರ್ಟ್‌ಸನ್‌ಪೇಟೆಯ ಆದಿಲಕ್ಷ್ಮಿಯವರ ಜಗಲಿಯಲ್ಲಿ ಕುಸಿದು ಕೂತಳು.

ಆದಿಲಕ್ಷ್ಮಿ ಪೊಲೀಸ್ ಕೆಲಸದಿಂದ ನಿವೃತ್ತರಾದರೂ ಇಂಥ ಫಿರ್ಯಾದುಗಳು ಮನೆ ಹುಡುಕಿಕೊಂಡು ಬರುತ್ತಲೇ ಇದ್ದವು. ಪತ್ತೆಗೆ ಹೊರಟರೆ ಆಟೋ ಯಾವತ್ತೂ ನರೇಶನದೇ. ಆ ದಿನ ಮಾತ್ರ ಆಟೋ ಕೆಟ್ಟು ನಿಲ್ಲಬಾರದಿತ್ತೇ ಎಂದು ಅವನು ಈಗಲೂ ಹಲುಬುತ್ತಾನೆ.

ಕದಿರಮ್ಮನ ಮಗ ವೇಣು ಕೆಲಸ ಕಳೆದುಕೊಂಡ ಬಂಗಾರಪೇಟೆಯ ಶೆಡ್ಡಿನಲ್ಲಿ ಒಡತಿ ಸುಮಿತಾ ಉಕ್ಕಿನ ಡ್ರಮ್ಮೊಂದನ್ನು ತೋರಿಸಿದಳು. ಕಣ್ಣಿನ ಆಪರೇಶನ್ನಿನ ಸೂಜಿಗಳನ್ನು ಅದರೊಳಗಿಟ್ಟು, ಗಾಳಿಯನ್ನೆಲ್ಲ ಪಂಪಿನಿಂದ ಹೀರಿ, ಟೆಫ್ಲಾನ್ ಪುಡಿಯನ್ನು ಕಾಯಿಸಬೇಕು. ಅದು ಆವಿಯಾಗಿ ಸೂಜಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೂರುತ್ತದೆ.

"ಪ್ರತಿ ಶುಕ್ರವಾರ ಹಾಕಿದ ಲೇಪ ಮಾತ್ರ ಸಿಪ್ಪೆ ಥರ ಏಳ್ತಿತ್ತು. ಡ್ರಮ್ಮು ನಡೆಸೋನು ವೇಣು. ಬೇರೆ ಕಂಪನಿಯವರು ಅವನನ್ನ ಕರೀತಿದ್ರು. ಬೇಕಂತಲೇ ಕೆಡಿಸ್ತಿದ್ದಾನೆ ಅಂತ ತೆಗೆದುಹಾಕಿದೆ. ಕೇಳಿದ್ರೆ ಬಾಯೇ ಬಿಡಲಿಲ್ಲ. ಅವನು ಹೋದ ಮೇಲೆ ಒಂದೂ ಕೆಟ್ಟಿಲ್ಲ."

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂದುಕೊಂಡ ನರೇಶ.

"ಅವನ ಜಾಗಕ್ಕೆ ಯಾರು ಬಂದ್ರು?" ಎಂದರು ಆದಿಲಕ್ಷ್ಮಿ.

"ಇಲ್ಲೇ ಕೆಲಸಕ್ಕಿದ್ದ ಬೈರೇಶ. ಆದ್ರೆ ಅವನಿಗೆ ಮೊದಲಿಂದ್ಲೂ ಶುಕ್ರವಾರ ರಜ. ಈಗ ಆವತ್ತು ಡ್ರಮ್ಮು ನಾನೇ ನಡೆಸ್ತೀನಿ."

ಆದಿಲಕ್ಷ್ಮಿ ಶೆಡ್ಡು ಸುತ್ತಿದರು. ಪಂಪು, ತಕ್ಕಡಿ, ಬೀರು ಎಲ್ಲಕ್ಕೂ ಕುಂಕುಮದ ಬೊಟ್ಟು. ಡ್ರಮ್ಮು ಮಾತ್ರ ಬೋಳು.

"ಡ್ರಮ್ಮಿಗೆ ಇಟ್ರೆ ವೇಣು ಒರೆಸಿಬಿಡ್ತಿದ್ದ, ದೂಳಾಗುತ್ತೆ ಅಂತ," ಎಂದಳು ಸುಮಿತಾ. "ಶೆಡ್ಡು ಗುಡಿಸಿ ಪೂಜೆ ಮಾಡ್ತಿದ್ದವಳು ಕದಿರಮ್ಮ. ಮಗನನ್ನ ತೆಗೆದ ಮೇಲೆ ಅವಳೂ ಬರ್ತಿಲ್ಲ."

ಆದಿಲಕ್ಷ್ಮಿ ಟಾರ್ಚು ಹಿಡಿದು ಡ್ರಮ್ಮಿನೊಳಗೆ ಬಗ್ಗಿ, ಬಾಗಿಲ ಹಿಂದಿನ ಮೂಲೆಯನ್ನು ಕರ್ಚೀಫಿನಿಂದ ಒರೆಸಿದರು. ಬಟ್ಟೆ ಕೆಂಪಾಯಿತು. ಅವರ ಮುಖ ಬಾಡಿದ್ದನ್ನು ನರೇಶ ನೋಡಿದ.

ಸಂಜೆ ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ವೇಣು ತಾಯಿಯ ಪಕ್ಕ ತಲೆ ತಗ್ಗಿಸಿ ನಿಂತಿದ್ದ.

"ಬೈರೇಶ ಶುಕ್ರವಾರ ಇರಲ್ಲ. ವೇಣು ಕೆಡಿಸೋದಾದ್ರೆ ಯಾವ ದಿನಾನಾದ್ರೂ ಕೆಡಿಸ್ಬೋದಿತ್ತು. ಶುಕ್ರವಾರ ಬೊಟ್ಟಿಡೋ ದಿನ," ಎಂದು ಆದಿಲಕ್ಷ್ಮಿ ಕರ್ಚೀಫು ಬಿಚ್ಚಿದರು. "ಕುಂಕುಮ ಉದುರದೆ ಇರ್ಲಿ ಅಂತ ಮೊದ್ಲು ಎಣ್ಣೆ ಸವರ್ತೀವಲ್ಲ? ಒರಗಡೆ ಇಟ್ರೆ ಮಗ ಒರೆಸ್ತಾನೆ ಅಂತ ಕದಿರಮ್ಮ ಒಳಗಿಟ್ಟವ್ರೆ. ಕಾದಾಗ ಆ ಎಣ್ಣೆ ಆವಿಯಾಗಿ ಸೂಜಿ ಮೇಲೆ ಮೊದ್ಲೇ ಕೂತ್ಕೊತ್ತೆ. ಅದ್ರ ಮೇಲೆ ಟೆಫ್ಲಾನು ಇಡಿಯಲ್ಲ. ಕೆಲ್ಸ ಓದ ದಿನ ವೇಣು ಇದನ್ನ ನೋಡವ್ನೆ. ಅಮ್ಮನ ಮೇಲೆ ಬತ್ತದೆ ಅಂತ್ಲೇ ಕೇಳಿದ್ರೂ ಬಾಯಿ ಬಿಡ್ಲಿಲ್ಲ."

"ನಾನಾ ಅಕ್ಕ?" ಕದಿರಮ್ಮ ತನ್ನ ಬೆರಳುಗಳನ್ನೇ ನೋಡಿಕೊಂಡಳು. "ಮಗಂಗೆ ಅನ್ನ ಕೊಡೋ ಮಿಷನ್ನು, ದೃಷ್ಟಿ ಆಗದಿರ್ಲಿ ಅಂತ ತಾನೇ..."

"ತಪ್ಪು ನನ್ನದು. ನಾಳೆಯಿಂದಲೇ ಬಾ ವೇಣು," ಎಂದಳು ಸುಮಿತಾ.

ವೇಣು ಆದಿಲಕ್ಷ್ಮಿಯತ್ತ ತಿರುಗಿದ. "ಕೆಲ್ಸ ಎಲ್ಲಾದ್ರೂ ಸಿಕ್ತಿತ್ತಕ್ಕ. ಮೋಸಗಾರ ಅನ್ನಿಸ್ಕೊಂಡ್ರೂ ನಂಗೆ ನಿದ್ದೆ ಬತ್ತಿತ್ತು. ಇನ್ಮೇಲೆ ನಮ್ಮಮ್ಮ ಎಂಗೆ ಮಲಗ್ತಾಳೆ?"

ಆದಿಲಕ್ಷ್ಮಿ ಕರ್ಚೀಫನ್ನು ಮಡಚಿಕೊಂಡು ಆಟೋದತ್ತ ನಡೆದರು.

ವೇಣು ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ. ಕದಿರಮ್ಮ ದಿನವೂ ಊಟದ ಡಬ್ಬಿ ತರುತ್ತಾಳೆ, ಶೆಡ್ಡಿನ ಹೊರಗೆ ನೆಲದ ಮೇಲಿಟ್ಟು ದೂರ ಸರಿದು ನಿಲ್ಲುತ್ತಾಳೆ. ಮಗನ ಕೈಗೆ ಕೊಡಲು ಅವಳಿಗೆ ಹೆದರಿಕೆ.